ಮೂರು ಸಾವ್ಕಾರರು, ಒಂದು ಚಾರ್ಟು

2018ರ ಜೂನ್‌ನಲ್ಲಿ ನಮ್ಮ ಕಾರ್ಖಾನೆಗೆ ನಾಲ್ಕು ಸಾಲಿನ ಒಂದು ಮೇಲ್ ಬಂತು. ನಮ್ಮ ಹತ್ತಿರ ವಾಲ್ವ್ ಬಾಡಿ ಮಷಿನಿಂಗ್ ಮಾಡಿಸುವ ದೊಡ್ಡ ಗಿರಾಕಿಯದು. ಮುಂದಿನ ಮಾರ್ಚ್ ಒಳಗೆ ಐಎಸ್‌ಒ 9001 ಸರ್ಟಿಫಿಕೇಟ್, ಅಂದರೆ ಗುಣಮಟ್ಟ ಕಾಯುವ ವ್ಯವಸ್ಥೆ ಇದೆ ಅನ್ನುವ ಪ್ರಮಾಣಪತ್ರ, ಮಾಡಿಸಿಕೊಳ್ಳದ ವೆಂಡರ್‌ಗೆ ಹೊಸ ಆರ್ಡರ್ ಇಲ್ಲ. ಅಷ್ಟೇ. ದೊಡ್ಡ ಸಾವ್ಕಾರ್ರು ಅದರ ಪ್ರಿಂಟ್ ತಂದು ನನ್ನ ಟೇಬಲ್ ಮೇಲಿಟ್ಟರು.

"ನೀ ಇಂಗ್ಲಿಷ್ ಚಲೋ ಓದ್ತಿ. ಇದನ್ನ ನೀನಽ ನೋಡವಾ."

ನಾನು ಅಲ್ಲಿ ಅಕೌಂಟ್ಸ್ ನೋಡುವವಳು. ಜಿಎಸ್‌ಟಿ ರಿಟರ್ನ್, ಪಗಾರ, ಪಿಎಫ್, ಬಿಲ್ಲು. ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನಮ್ಮದು ಎರಡು ಶೆಡ್. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೂರು ಸಿಎನ್‌ಸಿ, ಎರಡು ವಿಎಂಸಿ ಮಷಿನ್ನು, ಆರು ಹಳೇ ಲೇಥು, ಒಂದು ಹೈಡ್ರೋ ಟೆಸ್ಟ್ ಬೆಂಚು. ಎಲ್ಲ ಸೇರಿ 38 ಮಂದಿ. ಮಾಲೀಕರು ಮೂವರು ಅಣ್ಣತಮ್ಮಂದಿರು. ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ದೊಡ್ಡ ಸಾವ್ಕಾರ್ರು, ನಡುವಿನ ಸಾವ್ಕಾರ್ರು, ಸಣ್ಣ ಸಾವ್ಕಾರ್ರು, ಮುಗೀತು.

ಕನ್ಸಲ್ಟಂಟ್ ಒಬ್ಬರನ್ನು ಹಿಡಿದೆವು. ಅವರು ಮೊದಲ ದಿನವೇ ಒಂದು ಪೆನ್‌ಡ್ರೈವ್ ಕೊಟ್ಟರು. ಅದರಲ್ಲಿ ಎಲ್ಲ ರೆಡಿ ಇತ್ತು: ಕ್ವಾಲಿಟಿ ಪಾಲಿಸಿ, ಫಾರ್ಮ್‌ಗಳು, ಆರ್ಗನೈಸೇಷನ್ ಚಾರ್ಟ್, ಅಂದರೆ ಯಾರ ಕೈಕೆಳಗೆ ಯಾರು ಅಂತ ಡಬ್ಬಿ, ಗೆರೆಯಲ್ಲಿ ತೋರಿಸುವ ಚಿತ್ರ. ಚಾರ್ಟ್ ತೆಗೆದು ನೋಡಿದರೆ ಅದರಲ್ಲಿ 'ವೈಸ್ ಪ್ರೆಸಿಡೆಂಟ್, ಮಾರ್ಕೆಟಿಂಗ್' ಅಂತ ಒಬ್ಬರಿದ್ದರು. ನಮ್ಮಲ್ಲಿ ಮಾರ್ಕೆಟಿಂಗ್ ಅಂದರೆ ದೊಡ್ಡ ಸಾವ್ಕಾರ್ರ ಮೊಬೈಲು. ಯಾವುದೋ ಬೇರೆ ಕಂಪನಿಯ ಚಾರ್ಟಿನಲ್ಲಿ ಹೆಸರು ಅಳಿಸಿ ನಮಗೆ ದಾಟಿಸಿದ್ದರು. "ಇದಕ್ಕೇ ನಿಮ್ಮವರ ಹೆಸರು ಹಾಕಿ, ಸಾಕು" ಅಂದರು.

ಹಾಗೇ ಹಾಕಿಬಿಡಬಹುದಿತ್ತು. ಎಷ್ಟೋ ಕಡೆ ಹಾಗೇ ಮಾಡಿ ಗೋಡೆಗೆ ಫ್ರೇಮ್ ಹಾಕಿಸಿಟ್ಟಿರುತ್ತಾರೆ, ನಾನೇ ನೋಡಿದ್ದೇನೆ. ಆದರೆ ಸ್ಟ್ಯಾಂಡರ್ಡ್ ಓದಿದೆ. 2015ರ ಆವೃತ್ತಿಯಲ್ಲಿ ಚಾರ್ಟ್ ಬರೆಯಲೇಬೇಕು ಅಂತ ಎಲ್ಲೂ ಇಲ್ಲ. ಯಾರ ಕೆಲಸ ಯಾವುದು, ಯಾರಿಗೆ ಯಾವ ಅಧಿಕಾರ ಅನ್ನುವುದನ್ನು ಮೇಲಿನವರು ಗೊತ್ತು ಮಾಡಬೇಕು, ಅದು ಎಲ್ಲರಿಗೂ ತಿಳಿದಿರಬೇಕು, ಅರ್ಥವಾಗಿರಬೇಕು ಅಂತಿದೆ. 5.3ನೇ ಕಲಂ. ಈ ಕೊನೆಯ 'ಅರ್ಥವಾಗಿರಬೇಕು' ಅನ್ನುವ ಮಾತೇ ನನ್ನನ್ನು ಎಂಟು ತಿಂಗಳು ಓಡಾಡಿಸಿದ್ದು.

ಮೊದಲ ಚಾರ್ಟ್ ನಾನೇ ಎಕ್ಸೆಲ್‌ನಲ್ಲಿ ಬರೆದೆ. ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಮೇಲಿನ ಡಬ್ಬಿಗೇ ಸಿಕ್ಕಿಹಾಕಿಕೊಂಡೆ. ಅಲ್ಲಿ ಯಾರ ಹೆಸರು ಬರೆಯಲಿ? ನಮ್ಮ ಲೆಕ್ಕಪತ್ರದ ಆಡಿಟರ್‌ಗೆ ಫೋನ್ ಹಚ್ಚಿದೆ. ಅವರು ಪಾರ್ಟ್‌ನರ್‌ಶಿಪ್ ಡೀಡ್ ತೆಗೆಸಿ ನೋಡಿ ನಕ್ಕರು. ನಮ್ಮದು ಕಂಪನಿ ಅಲ್ಲ, ಪಾಲುದಾರಿಕೆ ಸಂಸ್ಥೆ. ಕಂಪನಿಯಾದರೆ ಬೋರ್ಡ್ ಇರುತ್ತದೆ, ಮ್ಯಾನೇಜಿಂಗ್ ಡೈರೆಕ್ಟರ್ ಇರುತ್ತಾರೆ, ಮೆಟ್ಟಿಲು ಕಾಣುತ್ತದೆ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಹಾಗಲ್ಲ. ಡೀಡ್‌ನಲ್ಲಿ ಬೇರೆ ಬರೆದುಕೊಳ್ಳದಿದ್ದರೆ, ವ್ಯವಹಾರ ನಡೆಸುವ ಹಕ್ಕು ಎಲ್ಲ ಪಾಲುದಾರರಿಗೂ ಇದೆ. ಒಬ್ಬರು ಸಂಸ್ಥೆಯ ಹೆಸರಲ್ಲಿ ಮಾಮೂಲಿ ವ್ಯವಹಾರ ಮಾಡಿದರೆ ಉಳಿದವರೂ ಅದಕ್ಕೆ ಕಟ್ಟುಬೀಳುತ್ತಾರೆ. ದಿನನಿತ್ಯದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಜಾಸ್ತಿ ಮಂದಿ ಹೇಳಿದ್ದು. ನಮ್ಮ ಡೀಡ್‌ನಲ್ಲಿ ಬೇರೆ ಏನೂ ಬರೆದಿರಲಿಲ್ಲ. ಲಾಭ ಮೂರು ಪಾಲು, ಅಷ್ಟೇ.

ಕಾಗದದ ಮೇಲೆ ಮೂವರೂ ಸಮ. ಶೆಡ್‌ನಲ್ಲೂ ಮೂವರೂ ಸಮ ಇದ್ದರೆ ಕಷ್ಟ ಇರಲಿಲ್ಲ.

ಆಮೇಲೆ ಕೆಳಗಿನಿಂದ ಶುರು ಮಾಡೋಣ ಅನ್ನಿಸಿತು. ಜುಲೈ ತುಂಬ ಒಂದು ನೋಟ್‌ಬುಕ್ ಹಿಡಿದುಕೊಂಡು ಟೀ ಟೈಮಿನಲ್ಲಿ ಒಬ್ಬೊಬ್ಬರನ್ನೇ ಕೇಳಿದೆ. ಮೊದಲೆರಡು ದಿನ "ನಿಮ್ಮ ಬಾಸ್ ಯಾರು?" ಅಂತ ಕೇಳಿ ಹಾಳು ಮಾಡಿಕೊಂಡೆ. ಎಲ್ಲರೂ "ಸಾವ್ಕಾರ್ರು" ಅಂದರು. ಯಾವ ಸಾವ್ಕಾರ್ರು ಅಂದರೆ "ಯಾರು ಮುಂದ ನಿಂತಿರ್ತಾರ ಅವರುರೀ" ಅಂತ ಒಬ್ಬ ಹೇಳಿದ. ಸುಮ್ನೆ ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೇ ಇತ್ತು.

ಪ್ರಶ್ನೆ ಬದಲಿಸಿದೆ. ರಜಾ ಬೇಕಾದರೆ ಯಾರನ್ನು ಕೇಳುತ್ತೀರಿ? ಮಷಿನ್ ನಿಂತರೆ ಯಾರ ಹತ್ತಿರ ಓಡುತ್ತೀರಿ? ಮಾಲು ಕೆಟ್ಟಿದೆ ಅನ್ನಿಸಿದರೆ ಯಾರಿಗೆ ಹೇಳುತ್ತೀರಿ? ರೊಕ್ಕ ಬೇಕಾದರೆ?

ಈಗ ಉತ್ತರಗಳು ಬಂದವು. ರಜಾ ಕೇಳುವುದು ನಡುವಿನ ಸಾವ್ಕಾರ್ರನ್ನು. ಮಷಿನ್ ನಿಂತರೆ ಓಡುವುದು ಸ್ಟೋರ್ ಕಾಕಾನ ಹತ್ತಿರ. ಈ ಕಾಕಾನಿಗೆ ಅರವತ್ತು ದಾಟಿತ್ತು, ಓದಿದ್ದು ಏಳನೇತ್ತೆ, ಪಗಾರ ಪಟ್ಟಿಯಲ್ಲಿ 'ಹೆಲ್ಪರ್'. ಯಾವ ಬೇರಿಂಗ್ ಯಾವ ಡಬ್ಬದಲ್ಲಿದೆ, ಯಾವ ಮಷಿನ್ ಯಾವ ಸದ್ದು ಮಾಡಿದರೆ ಎಲ್ಲಿ ಬಿಚ್ಚಬೇಕು, ಎಲ್ಲ ಅವನ ತಲೆಯಲ್ಲಿ. ಅಡ್ವಾನ್ಸ್ ಬೇಕಾದರೆ ಹೋಗುವುದು ಆಫೀಸಿಗಲ್ಲ, ದೊಡ್ಡ ಸಾವ್ಕಾರ್ರ ಮನೆಗೆ. ಅಲ್ಲಿ ಅವ್ವಾರು, ಅಂದರೆ ದೊಡ್ಡ ಸಾವ್ಕಾರ್ರ ಮನೆಯವರು, ಹಿತ್ತಲ ಕಟ್ಟೆಯ ಮೇಲೆ ಕೂತು ಯಾರಿಗೆ ಎಷ್ಟು ಅಂತ ಗೊತ್ತು ಮಾಡುತ್ತಿದ್ದರು. ಸಂಜೆ ನನಗೆ ಒಂದು ಚೀಟಿ ಬರುತ್ತಿತ್ತು: ಇಂಥವಗ ಎರಡು ಸಾವಿರ ಕೊಡು, ಮೂರು ತಿಂಗಳಲ್ಲಿ ಮುರಿ. ಆರು ವರ್ಷದಿಂದ ಆ ಚೀಟಿಗೆ ದುಡ್ಡು ಕೊಡುತ್ತಿದ್ದೆ. ಅದೂ ಒಂದು ಅಧಿಕಾರ ಅಂತ ನನಗೆ ಹೊಳೆದೇ ಇರಲಿಲ್ಲ.

ಮಾಲು ಕೆಟ್ಟಿದ್ದರೆ ಯಾರಿಗೆ ಹೇಳುತ್ತೀರಿ ಅನ್ನುವುದಕ್ಕೆ ಮಾತ್ರ ಹೆಚ್ಚಿನವರು ಸುಮ್ಮನಾದರು.

ಯಾಕೆ ಅಂತ ನನಗೆ ಗೊತ್ತಿತ್ತು. ಹಿಂದಿನ ವರ್ಷ 22 ಬಾಡಿ ವಾಪಸು ಬಂದಿದ್ದವು. ರೇಟೆಡ್ ಪ್ರೆಶರ್‌ನ ಒಂದೂವರೆ ಪಟ್ಟು ಒತ್ತಡದಲ್ಲಿ ನೀರು ತುಂಬಿ ನೋಡುವ ಟೆಸ್ಟ್ ಇರುತ್ತದೆ. ಮಾಲು ಚೆಕ್ ಮಾಡುವ ಕ್ಯೂಸಿ ಹುಡುಗ ಎರಡು ಪೀಸಿನಲ್ಲಿ ಬೆವರಿನ ಹನಿಯಂತೆ ನೀರು ಜಿನುಗುವುದನ್ನು ನೋಡಿ, ಇಡೀ ಲಾಟ್ ನಿಲ್ಲಿಸಿ ಅಂದಿದ್ದ. ಅವನ ಮೇಲೆ ಇದ್ದವರು ನಡುವಿನ ಸಾವ್ಕಾರ್ರು. ತಿಂಗಳ ಕೊನೆಗೆ ಇಷ್ಟು ಪೀಸು ಹೋಗಬೇಕು ಅಂತ ಉತ್ತರ ಕೊಡಬೇಕಾದವರೂ ಅವರೇ. "ಎರಡಽ ಅಲ್ಲೇನೋ, ಅವನ್ನ ತಗದು ಉಳದದ್ದು ಕಳಸು" ಅಂದರು. ಕಳಿಸಿದರು. ಮಾಲು ಹೊರಗೆ ತಳ್ಳುವವನ ಕೈಕೆಳಗೇ ಮಾಲು ತಡೆಯುವವನನ್ನು ಇಟ್ಟರೆ ಇನ್ನೇನಾಗುತ್ತದೆ? ಹುಡುಗನದೂ ತಪ್ಪಲ್ಲ, ಸಾವ್ಕಾರ್ರು ಕೆಟ್ಟವರೂ ಅಲ್ಲ. ಗಿರಾಕಿ ಆ 22ರ ರೊಕ್ಕ ಮುರಿದು ಡೆಬಿಟ್ ನೋಟ್ ಕಳಿಸಿದಾಗ ಬೈಸಿಕೊಂಡವರು ಮಾತ್ರ ದೊಡ್ಡ ಸಾವ್ಕಾರ್ರು.

ದೊಡ್ಡವರದು ಇನ್ನೊಂದು ಚಾಳಿ. ಗಿರಾಕಿಯ ಫೋನ್ ಬಂದ ಕೂಡಲೇ ನೇರ ವಿಎಂಸಿ ಹತ್ತಿರ ಹೋಗಿ "ಇದನ್ನ ಇಳಿಸು, ಆ ಆರು ಇಂಚಿಂದು ಹಾಕು" ಅನ್ನುವುದು. ಆಪರೇಟರ್ ಏನು ಮಾಡಬೇಕು? ಸೆಟ್ಟಿಂಗ್ ಬಿಚ್ಚುತ್ತಾನೆ. ಫಿಕ್ಸ್ಚರ್ ಬದಲಿಸಿ, ಟೂಲ್ ಆಫ್‌ಸೆಟ್ ಕೊಟ್ಟು, ಮೊದಲ ಪೀಸ್ ಚೆಕ್ ಮಾಡಿಸುವಷ್ಟರಲ್ಲಿ ಎರಡೂವರೆ ತಾಸು. ಅಷ್ಟರಲ್ಲಿ ನಡುವಿನವರು ಬಂದು "ಇದನ್ಯಾರು ಹಾಕಂದ್ರು?" ಅಂತ ರೇಗುವುದು. ಒಂದು ವಾರ ಲೆಕ್ಕ ಇಟ್ಟೆ. ಒಂದೇ ವಿಎಂಸಿ ಮೇಲೆ ಹೀಗೆ ನಾಲ್ಕು ಸಲ ಆಗಿತ್ತು.

ನಮ್ಮ ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದು ರಿಟೈರ್ ಆದವರು. ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿದರೆ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು. ಅವರಲ್ಲಿ ಖಲಾಸಿಯಿಂದ ಮೇಲಿನವರೆಗೆ ಎಲ್ಲರಿಗೂ ಒಂದು ಮೆಟ್ಟಿಲು, ಗ್ರೇಡು, ಸೀನಿಯಾರಿಟಿ ಲಿಸ್ಟು. "ಸಾಹೇಬ್ರು ಬಂದ್ರೂ ನನ್ನ ಕೂಡ ಮಾತಾಡ್ತಿದ್ದಿಲ್ಲ. ಫೋರ್‌ಮನ್ ಕೂಡ ಮಾತಾಡಿ ಹೋಗ್ತಿದ್ರು" ಅಂದರು. ನನಗೆ ಚಿಕ್ಕಂದಿನಿಂದ ಅದು ಜಂಬದ ಹಾಗೆ ಕಾಣುತ್ತಿತ್ತು. ಅವತ್ತು ಮೊದಲ ಸಲ ಬೇರೆ ರೀತಿ ಕಂಡಿತು.

ಅದೇ ರಾತ್ರಿ ಈ ಚಾರ್ಟ್ ಅನ್ನುವುದು ಎಲ್ಲಿಂದ ಬಂತು ಅಂತ ಹುಡುಕಿದೆ. ಅದೂ ರೈಲ್ವೆಯಿಂದಲೇ! 1855ರಲ್ಲಿ ಅಮೆರಿಕದ ನ್ಯೂಯಾರ್ಕ್ ಅಂಡ್ ಈರಿ ರೈಲ್‌ರೋಡ್‌ನ ಸೂಪರಿಂಟೆಂಡೆಂಟ್ ಡೇನಿಯಲ್ ಮೆಕಲಮ್ ಬರೆಸಿದ್ದನ್ನೇ ಮೊದಲ ಆರ್ಗನೈಸೇಷನ್ ಚಾರ್ಟ್ ಅನ್ನುತ್ತಾರೆ. ಸುಮಾರು 500 ಮೈಲಿ ಹಳಿ. ಎಲ್ಲಿ ಯಾವ ಗಾಡಿ ಇದೆ ಅಂತ ಮೇಲೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ. ಟೆಲಿಗ್ರಾಫ್ ಇತ್ತು, ಸುದ್ದಿ ರಾಶಿಗಟ್ಟಲೆ ಬರುತ್ತಿತ್ತು, ಆದರೆ ಯಾರ ಕೈಗೆ ಬರಬೇಕೋ ಅವರ ಕೈಗೆ ಬರುತ್ತಿರಲಿಲ್ಲ. ಹಾಗಾಗಿ ದಿನದ ತೀರ್ಮಾನವನ್ನು ಆಯಾ ವಿಭಾಗದ ಸೂಪರಿಂಟೆಂಡೆಂಟ್‌ಗೆ ಬಿಟ್ಟುಕೊಟ್ಟರು. ಮೆಕಲಮ್ ಒಂದು ಮಾತನ್ನು ಗಟ್ಟಿಯಾಗಿ ಹೇಳಿದ್ದಾನೆ: ಫೋರ್‌ಮನ್‌ನನ್ನು ದಾಟಿ ಮೇಲಿನವರು ಅವನ ಕೈಕೆಳಗಿನವರಿಗೆ ನೇರ ಆರ್ಡರ್ ಕೊಟ್ಟರೆ ಶಿಸ್ತು ಉಳಿಯುವುದಿಲ್ಲ. ನಮ್ಮ ವಿಎಂಸಿ ಕಥೆ ಅವನಿಗೆ ಹೇಗೆ ಗೊತ್ತಾಯಿತೋ.

ಆ ಚಿತ್ರ ನೋಡಿ ಇನ್ನೊಂದು ಆಶ್ಚರ್ಯ. ಈಗಿನ ಚಾರ್ಟ್‌ಗಳ ಹಾಗೆ ಸಾಹೇಬರು ಮೇಲಿಲ್ಲ. ಅದೊಂದು ಗಿಡ. ಪ್ರೆಸಿಡೆಂಟ್ ಮತ್ತು ಬೋರ್ಡ್ ಬುಡದಲ್ಲಿ. ಟೊಂಗೆಗಳು ಮೇಲೆ ಹರಡಿವೆ, ಅಲ್ಲಿ ಕೆಲಸ ಮಾಡುವ ಮಂದಿ. ಅಪ್ಪನಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಭಾರ ಹೊರಾಂವ ತಳಗಽ ಇರಬೇಕಲ್ಲ" ಅಂದು ಮಲಗಲು ಹೋದರು.

ಭಾರ ಹೊರುವವರು ಯಾರು ಅನ್ನುವುದು ನನಗೆ ಸಿಕ್ಕಿದ್ದು ಆಗಸ್ಟ್‌ನಲ್ಲಿ, ಫೈಲ್ ಜೋಡಿಸುವಾಗ. ಫ್ಯಾಕ್ಟರಿ ಲೈಸೆನ್ಸ್ ತೆಗೆದೆ. ಪ್ರತಿ ಸಲ ರಿನ್ಯೂವಲ್ ಫೀ ಕಟ್ಟಿದವಳು ನಾನೇ, ಆದರೆ ಹೆಸರು ಗಮನಿಸಿರಲಿಲ್ಲ. ಆಗ ಇದ್ದ 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಕರೆಂಟ್ ಮೇಲೆ ನಡೆಯುವ, ಹತ್ತು ಅಥವಾ ಜಾಸ್ತಿ ಕೆಲಸಗಾರರಿರುವ ಕಾರ್ಖಾನೆಗೆ ಒಬ್ಬ 'ಆಕ್ಯುಪೈಯರ್' ಇರಬೇಕಿತ್ತು. ಕಾರ್ಖಾನೆಯ ಮೇಲೆ ಕೊನೆಯ ಹಿಡಿತ ಇರುವ ವ್ಯಕ್ತಿ. ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರಲ್ಲೇ ಒಬ್ಬರು. ಕಾಯ್ದೆ ಮುರಿದರೆ ಆಕ್ಯುಪೈಯರ್ ಮತ್ತು ಮ್ಯಾನೇಜರ್ ಇಬ್ಬರ ಮೇಲೂ ಕೇಸು ಬೀಳುತ್ತಿತ್ತು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ನಮ್ಮ ಲೈಸೆನ್ಸ್‌ನಲ್ಲಿ ಆಕ್ಯುಪೈಯರ್ ಸಣ್ಣ ಸಾವ್ಕಾರ್ರು. 2004ರಿಂದ. ಮ್ಯಾನೇಜರ್ ಅನ್ನುವ ಜಾಗದಲ್ಲೂ ಅವರೇ ಸಹಿ ಮಾಡುವಂತೆ ಮಾಡಿದ್ದರು, ಆಮೇಲೆ ಅದನ್ನು ಸರಿಪಡಿಸಬೇಕಾಯಿತು. ಮೂವರಲ್ಲಿ ಮಾತೇ ಆಡದವರು ಇವರು. ಅಣ್ಣಂದಿರು ಕುರ್ಚಿಯಲ್ಲಿ ಕೂತರೆ ಇವರು ಕಿಟಕಿ ಹತ್ತಿರ ನಿಲ್ಲುತ್ತಿದ್ದರು.

ಮುಂದಿನ ಭಾನುವಾರ ಮನೆಯಲ್ಲೇ ಮೀಟಿಂಗ್. ಗಿರ್ಮಿಟ್ಟು, ಮಿರ್ಚಿ, ಮೂವರು ಅಣ್ಣತಮ್ಮಂದಿರು, ನಾನು, ಒಳಗೂ ಹೊರಗೂ ಓಡಾಡುತ್ತಿದ್ದ ಅವ್ವಾರು. ನನ್ನ ನೋಟ್‌ಬುಕ್ಕು ಓದಿದೆ. ವಿಎಂಸಿ ವಿಷಯ ಬಂದಾಗ ದೊಡ್ಡವರು ಮಿರ್ಚಿ ಕಡೆ ನೋಡಿದರು. 22 ಪೀಸಿನ ವಿಷಯಕ್ಕೆ ನಡುವಿನವರು "ಅದು ಹಳೇ ಮಾತು" ಅಂದರು. ಮೇಲಿನ ಡಬ್ಬಿಗೆ ಯಾರು ಅಂತ ಕೇಳಿದೆ. "ಅದ್ರಾಗ ಕೇಳೂದೇನೈತಿ, ಅಣ್ಣ" ಅಂತ ನಡುವಿನವರೇ ಅಂದರು. ಆಮೇಲೆ ತಾವು, ಆಮೇಲೆ ತಮ್ಮ. ವಯಸ್ಸಿನ ಪ್ರಕಾರ ಮೂರು ಡಬ್ಬಿ. ಸಣ್ಣವರು ಕಿಟಕಿ ಹತ್ತಿರ ಇದ್ದರು. ನಾನು ಏನೂ ಹೇಳದೆ ಲೈಸೆನ್ಸ್‌ನ ಜೆರಾಕ್ಸ್ ಟೀಪಾಯಿ ಮೇಲಿಟ್ಟೆ.

ಸಣ್ಣವರು ಅದನ್ನು ನೋಡಿ ಸ್ವಲ್ಪ ಹೊತ್ತಿನ ಮೇಲೆ ಅಂದರು: "ಅಣ್ಣಾ, ನಾಳೆ ಒಬ್ಬಾಂವ ಮಷಿನ್‌ನ್ಯಾಗ ಕೈ ಕೊಟ್ಟ ಅಂದ್ರ ಕೋರ್ಟ್‌ನ್ಯಾಗ ನಿಂದರಾಂವ ನಾ. ನೀವು ಸಹಿ ಮಾಡಂದ್ರಿ, ಮಾಡೇನಿ. ಬ್ಯಾಡ ಅನ್ನಾಂಗಿಲ್ಲ. ಖರೆ, ಗಾರ್ಡ್ ಇಲ್ಲದ ಲೇಥ್ ಬಂದ್ ಮಾಡಂತ ನಾ ಹೇಳಿದ್ರ ಯಾರು ಕೇಳ್ತಾರ್ರೀ ನನ್ನ ಮಾತು?"

ಯಾರೂ ಮಾತಾಡಲಿಲ್ಲ. ಹದಿನಾಲ್ಕು ವರ್ಷ ಅವರು ಹೀಗೆ ಯೋಚಿಸುತ್ತ ಕಿಟಕಿ ಹತ್ತಿರ ನಿಂತಿದ್ದರು ಅಂತ ಮನೆಯವರಿಗೇ ಗೊತ್ತಿರಲಿಲ್ಲ. ಅವ್ವಾರು ಒಳಗಿನಿಂದ ಚಹಾ ತಂದು ಮೊದಲ ಕಪ್ಪು ಸಣ್ಣ ಮೈದುನನ ಕೈಗೆ ಕೊಟ್ಟರು. ಕೊಟ್ಟಿದ್ದು ಬೇಕಂತಲೋ, ಅವರು ಬಾಗಿಲಿಗೆ ಹತ್ತಿರ ಇದ್ದರು ಅಂತಲೋ ನಾನು ಹೇಳಲಾರೆ.

ಅಲ್ಲಿಂದ ಚಾರ್ಟ್ ಕೂಡಲು ಮೂರು ಭಾನುವಾರ ಹಿಡಿಯಿತು. ಮೇಲೆ ಒಂದೇ ಡಬ್ಬಿ, ಅದರಲ್ಲಿ ಮೂವರ ಹೆಸರು. ಅದರ ಕೆಳಗೆ ಮೂರು ಗೆರೆ. ಗಿರಾಕಿ, ಖರೀದಿ, ರೊಕ್ಕ ದೊಡ್ಡವರದು. ಪ್ರೊಡಕ್ಷನ್, ಮಂದಿಯ ಹಾಜರಿ ನಡುವಿನವರದು. ಸೇಫ್ಟಿ, ಕ್ವಾಲಿಟಿ, ಮೆಂಟೆನನ್ಸ್, ಸ್ಟೋರ್ ಸಣ್ಣವರದು. ಕ್ಯೂಸಿ ಹುಡುಗ ಪ್ರೊಡಕ್ಷನ್ನಿಂದ ಹೊರಗೆ ಬಂದ. ಅವನು ಕೆಂಪು ಚೀಟಿ ಕಟ್ಟಿದ ಮಾಲನ್ನು ಸಣ್ಣವರ ಸಹಿ ಇಲ್ಲದೆ ಯಾರೂ ಎತ್ತುವ ಹಾಗಿಲ್ಲ. ದೊಡ್ಡವರಿಗೆ ಅರ್ಜೆಂಟ್ ಜಾಬ್ ಇದ್ದರೆ ಒಂದು ಚೀಟಿ ಬರೆದು ನಡುವಿನವರಿಗೆ ಕೊಡಬೇಕು, ಮಷಿನ್ ಹತ್ತಿರ ಹೋಗಬಾರದು. ನಡುವಿನವರಿಗೂ ಸಣ್ಣವರಿಗೂ ಹೊಂದದಿದ್ದರೆ ದೊಡ್ಡವರು ಅವತ್ತೇ ಹೇಳಬೇಕು. ನಡುವಿನವರಿಗೆ ಇದು ನುಂಗಲು ಕಷ್ಟವಾಯಿತು. ಒಂದು ವಾರ ನನ್ನ ಕೂಡ ಮಾತೇ ಬಿಟ್ಟರು. ಪಗಾರ ಶೀಟ್‌ಗೆ ಸಹಿ ಬೇಕಾದರೆ ಹುಡುಗನ ಕೈಲಿ ಕಳಿಸುತ್ತಿದ್ದೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹನ್ನೆರಡು ತಾಸು ಶೆಡ್‌ನಲ್ಲಿ ನಿಲ್ಲುತ್ತಿದ್ದವರು ಅವರೊಬ್ಬರೇ.

ಚಾರ್ಟ್ ನೋಟಿಸ್ ಬೋರ್ಡಿಗೆ ಬಿದ್ದ ದಿನ ಶೆಡ್‌ನಲ್ಲಿ ಒಂದೇ ಮಾತು: "ನನ್ನ ಡಬ್ಬಿ ಎಲ್ಲೈತ್ರಿ?" ಸೀನಿಯರ್ ಆಪರೇಟರ್ ಮೂವರನ್ನು ಶಿಫ್ಟ್ ಸೂಪರ್‌ವೈಸರ್ ಮಾಡಿದ್ದೆವು. ಇಬ್ಬರು ಖುಷಿಯಾದರು. ಮೂರನೆಯವರು ಒಲ್ಲೆ ಅಂದರು. ಅವರಿಗೆ ಯಾರೋ ಹೇಳಿದ್ದರು, ಸೂಪರ್‌ವೈಸರ್ ಆದರೆ ಕಾನೂನಿನಲ್ಲಿ ಕೆಲಸಗಾರ ಆಗಿ ಉಳಿಯುವುದಿಲ್ಲ ಅಂತ. ಪೂರ್ತಿ ಸುಳ್ಳಲ್ಲ. ಆಗ ಇದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ ₹10,000ಕ್ಕಿಂತ ಜಾಸ್ತಿ ಪಗಾರ ಇದ್ದರೆ ಅವನು 'ವರ್ಕ್‌ಮನ್' ಅಲ್ಲ. ಹೆಸರು ಇಟ್ಟ ಮಾತ್ರಕ್ಕೆ ಹಾಗಾಗುವುದಿಲ್ಲ, ಕೋರ್ಟ್ ನೋಡುವುದು ಅವನು ಮಾಡುವ ಕೆಲಸವನ್ನು. ಇದ್ದದ್ದು ಇದ್ದ ಹಾಗೆ ಹೇಳಿದೆ. "ಇರ್ಲಿ ಬಿಡ್ರಿ ಅಕ್ಕಾರ, ನನಗ ಲೇಥ್ ಸಾಕು" ಅಂದರು. ಈಗಲೂ ಅವರು ಆಪರೇಟರ್, ಹೊಸ ಹುಡುಗರು ಮೊದಲು ಕೇಳುವುದು ಅವರನ್ನೇ.

ಕಾಕಾನ ಡಬ್ಬಿಯಲ್ಲಿ 'ಸ್ಟೋರ್ಸ್ ಮತ್ತು ಮೆಂಟೆನನ್ಸ್ ಇನ್‌ಚಾರ್ಜ್' ಅಂತ ಬರೆದಿದ್ದೆ. ಡಿಪ್ಲೊಮಾ ಮಾಡಿದ ಹುಡುಗನೊಬ್ಬ ಅವನ ಕೈಕೆಳಗೆ ಬಂದ. ಕಾಕಾ ಬಂದು ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದ. "ತಂಗಿ, ಪಗಾರ ಎಷ್ಟು ಏರಿಸ್ತಾರ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಖಂಡೇನವಮಿ ಮುಗಿದ ಮೇಲೆ ಎರಡು ಸಾವಿರ ಏರಿತು.

ಜನವರಿಯಲ್ಲಿ ಸರ್ಟಿಫಿಕೇಟ್ ಕೊಡುವವರ ಮೊದಲ ಹಂತದ ಆಡಿಟ್, ಕಾಗದಪತ್ರ ನೋಡಿ ಹೋದರು. ಫೆಬ್ರುವರಿಯಲ್ಲಿ ಎರಡನೆಯದು. ಆಡಿಟರ್ ಚಾರ್ಟ್ ಕಡೆ ಒಮ್ಮೆ ನೋಡಿ ನೇರ ಶೆಡ್‌ಗೆ ನಡೆದರು. ಸಿಎನ್‌ಸಿ ಮೇಲಿದ್ದ ಹುಡುಗನಿಗೆ ಹಿಂದಿಯಲ್ಲಿ ಕೇಳಿದರು, ಸೈಜ್ ಹೊರಗೆ ಹೋದರೆ ಏನು ಮಾಡುತ್ತೀಯ? ಅವನು ಕೆಂಪು ಚೀಟಿಯ ಕಟ್ಟು ತೋರಿಸಿ "ಛೋಟೇ ಸಾವ್ಕಾರ್" ಅಂದ. ದೊಡ್ಡ ಸಾವ್ಕಾರ್ರು ಬಂದು ಕಳಿಸು ಅಂದರೆ? ಹುಡುಗ ನನ್ನ ಮುಖ ನೋಡಿದ, ದೊಡ್ಡವರ ಮುಖ ನೋಡಿದ. "ಛೋಟೇ ಸಾವ್ಕಾರ್" ಅಂತ ಮತ್ತೆ ಅಂದ. ದೊಡ್ಡವರು ಜೋರಾಗಿ ನಕ್ಕುಬಿಟ್ಟರು.

ಒಂದು ಮೈನರ್ ಎನ್‌ಸಿ, ಅಂದರೆ ಸಣ್ಣ ಕೊರತೆ ಅಂತ ಒಂದು ಟಿಪ್ಪಣಿ, ಬಿತ್ತು. ಅವತ್ತು ಕಾಕಾ ಇರಲಿಲ್ಲ, ಉಳವಿ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗಿದ್ದ. ಆಡಿಟರ್ ಒಂದು ಥ್ರೆಡ್ ಗೇಜ್ ಕೇಳಿದರು. ಅದು ಎಲ್ಲಿದೆ ಅಂತ ಡಿಪ್ಲೊಮಾ ಹುಡುಗನಿಗೂ ಗೊತ್ತಿಲ್ಲ, ಸಣ್ಣ ಸಾವ್ಕಾರ್ರಿಗೂ ಗೊತ್ತಿಲ್ಲ. ಡಬ್ಬಿಯ ಮನುಷ್ಯ ರಜಾ ಹೋದರೆ ಅವನ ಜಾಗದಲ್ಲಿ ಯಾರು ಅಂತ ನಾವು ಬರೆದೇ ಇರಲಿಲ್ಲ. ಅದನ್ನು ಬರೆದು ಕಳಿಸಿದ ಮೇಲೆ ಮಾರ್ಚ್‌ನಲ್ಲಿ ಸರ್ಟಿಫಿಕೇಟ್ ಬಂತು, ಮೂರು ವರ್ಷಕ್ಕೆ, ವರ್ಷಕ್ಕೊಂದು ಸರ್ವೇಲನ್ಸ್ ಆಡಿಟ್.

ಅಡ್ವಾನ್ಸ್‌ಗೂ ನಾನು ಒಂದು ಫಾರ್ಮ್ ಮಾಡಿದ್ದೆ. ಸೂಪರ್‌ವೈಸರ್ ಸಹಿ, ನಡುವಿನ ಸಾವ್ಕಾರ್ರ ಸಹಿ, ಆಮೇಲೆ ನಾನು ದುಡ್ಡು ಕೊಡುವುದು. ಏಪ್ರಿಲ್ ಪೂರ್ತಿ ಒಂದು ಫಾರ್ಮ್ ಕೂಡ ಬರಲಿಲ್ಲ. ಯಾರಿಗೂ ರೊಕ್ಕದ ಅಡಚಣೆಯೇ ಇಲ್ಲವೇನೋ ಅನ್ನಿಸುವಷ್ಟು. ಮೇ ಮೊದಲ ವಾರ ಅವ್ವಾರ ಫೋನ್ ಬಂತು.

"ಏನವಾ, ಅದೇನೋ ಫಾರಂ ಮಾಡಿಯಂತಲ್ಲ? ಅದರದೊಂದು ಕಟ್ಟು ನಮ್ಮ ಮನಿಗೆ ಕಳಸು. ಇಲ್ಲಿ ಚೀಟಿ ಹಾಳಿ ತೀರ್ಯಾವು."